ತುಲಬೀರನ ಬಲಗೈ

ತುಲಬೀರ್ ಪುನ್ ಗುಡ್ಡ ಇಳಿಯುವುದನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು ಜನ ಉಳಿದಿದ್ದೇವೆ. ಹತ್ತುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನೇಪಾಳದ ನಮ್ಮ ಮಗರರ ಹಳ್ಳಿಗಳಲ್ಲಿ ನೀರು ತರಬೇಕೆಂದರೂ ಹತ್ತಬೇಕು, ಮದುವೆಯೂಟಕ್ಕೆ ಹೋಗಬೇಕೆಂದರೂ ಹತ್ತಬೇಕು. ಬ್ರಿಟಿಷರ ನಮ್ಮ ಗೂರ್ಖಾ ಪಲ್ಟನ್ನಿನ ಗುಡ್ಡದೋಟ ಗೆಲ್ಲುತ್ತಿದ್ದುದು ಇಳಿಯುವಾಗ. ನಾವೆಲ್ಲ ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ, ಜೀವ ಕೈಯಲ್ಲಿ ಹಿಡಿದು ಇಳಿಯುತ್ತಿದ್ದೆವು. ಅವನು ಮುಂದಕ್ಕೆ ವಾಲಿ, ಎರಡೂ ಕೈ ಅಗಲಿಸಿ, ಬೀಳುತ್ತಿದ್ದಾನೋ ಓಡುತ್ತಿದ್ದಾನೋ ತಿಳಿಯದ ಹಾಗೆ ಬರುತ್ತಿದ್ದ. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿರುತ್ತಿತ್ತು. ಮೊದಲ ಸಲ ಅವನ ಸಮಯ ಬರೆದುಕೊಂಡ ಮೇಜರ್ ಸಾಬ್, ಗಡಿಯಾರ ನಿಂತುಹೋಗಿದೆಯೇನೋ ಎಂದು ಅದನ್ನು ಕಿವಿಗೆ ಹಿಡಿದು ನೋಡಿದ್ದರು.

ನಾವಿಬ್ಬರೂ ನಂಬರಿಗಳು. ಒಂದೇ ದಿನ ಭರ್ತಿಯಾಗಿ ಅಕ್ಕಪಕ್ಕದ ನಂಬರು ಪಡೆದವರನ್ನು ಪಲ್ಟನ್ನಿನಲ್ಲಿ ಹಾಗೆ ಕರೆಯುತ್ತಾರೆ. ಒಡಹುಟ್ಟಿದವರಿಗೂ ಇಲ್ಲದ ಸಲಿಗೆ ನಂಬರಿಗಳಿಗಿರುತ್ತದೆ. ಭರ್ತಿಯ ದಿನ ಇವನಿಗೆ ತೂಕ ಸಾಲದು ಎಂದು ಯಾರೋ ಹೆದರಿಸಿದ್ದರು. ಹೊಳೆಗೆ ಹೋಗಿ ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಬಂದು ನನ್ನ ಹಿಂದೆ ಸಾಲಿನಲ್ಲಿ ನಿಂತ. ಕಾಲು ಕಾಲು ಹೆಣೆದುಕೊಂಡು ನನ್ನ ಕಿವಿಯಲ್ಲಿ ಗೋಗರೆದ:

"ಲೋ ಕೇಶರ್, ನಿನ್ನ ಪಾಳಿ ನಂಗೆ ಬಿಡೋ. ಇನ್ನೊಂದು ಗಳಿಗೆ ತಡ ಆದ್ರೆ ನನ್ನ ಎರಡು ಸೇರು ತೂಕ ಇಲ್ಲೇ ಹರಿದು ಹೋಗುತ್ತೆ!"

ಬಿಟ್ಟೆ. ಅದಕ್ಕೇ ನನ್ನ ನಂಬರಿಗಿಂತ ಅವನದು ಒಂದು ಕಡಿಮೆ.

ಹತ್ತು ವರ್ಷ ಕಳೆಯುವುದರಲ್ಲಿ ನಾನು ಹವಾಲ್ದಾರನಾಗಿದ್ದೆ, ಅವನು ನನಗಿಂತ ಒಂದು ಮೆಟ್ಟಿಲು ಕೆಳಗೆ ನಾಯಕನಾಗಿದ್ದ. ಅದೂ ಒಲ್ಲದ ಮನಸ್ಸಿನಿಂದ. "ಪಟ್ಟಿ ಹೊಲಿಸಿದ್ರೆ ತೋಳು ಭಾರ ಆಗುತ್ತೆ ಸಾಬ್, ಓಡೋಕೆ ತೊಂದ್ರೆ" ಎಂದು ಮೇಜರ್ ಸಾಬರಿಗೇ ಹೇಳಿದ ಆಸಾಮಿ ಅವನು. ನಾಲ್ಕು ಜನರ ಮುಂದೆ ನನ್ನನ್ನು ಗುರುಜಿ ಎನ್ನುತ್ತಿದ್ದ, ಇಬ್ಬರೇ ಇದ್ದಾಗ ಕೇಶರ್. ಓಟವಿಲ್ಲದ ದಿನ ತನ್ನ ಕ್ಯಾನ್ವಾಸ್ ಬೂಟುಗಳನ್ನು ತೊಳೆದು, ಸುಣ್ಣದ ಬಿಳಿ ಬಳಿದು, ಬ್ಯಾರಕ್ಕಿನ ಮೆಟ್ಟಿಲ ಮೇಲೆ ಒಣಹಾಕಿ, ಅವುಗಳ ಪಕ್ಕದಲ್ಲೇ ಕಾವಲು ಕೂರುತ್ತಿದ್ದ. ಬೇರೆ ಆಸೆಗಳಿದ್ದಂತೆ ಕಾಣಲಿಲ್ಲ. ನನಗೆ ಮಾತ್ರ ಆಸೆಗಳು ಬೇಕಾದಷ್ಟಿದ್ದವು, ಅದೇ ಮುಂದೆ ಮನೆ ಹಾಳು ಮಾಡಿತು. ನನ್ನ ಮನೆಯಲ್ಲ, ಅವನದು.

ಅದು ಮಲಯಾದ ಉತ್ತರದ ಕ್ಯಾಂಪು. ಅರವತ್ನಾಲ್ಕರ ದಸೈಂ, ಅಂದರೆ ನಮ್ಮ ದಸರಾ. ನವಮಿಯ ಬೆಳಿಗ್ಗೆ ಇಡೀ ಪಲ್ಟನ್ನು, ಹೆಂಡಿರು ಮಕ್ಕಳ ಸಮೇತ, ಬಲಿಗಂಬದ ಸುತ್ತ ಸೇರುತ್ತದೆ. ಆಯಾ ವರ್ಷ ದೊಡ್ಡ ಕುಕ್ರಿ ಕತ್ತಿ ಹಿಡಿಯುವವನು ಒಂದೇ ಏಟಿಗೆ ಕೋಣನ ತಲೆ ಇಳಿಸಬೇಕು. ಇಳಿಸಿದರೆ ಸಾಬರು ಅವನ ತಲೆಗೆ ಬಿಳಿ ಪೇಟ ಸುತ್ತುತ್ತಾರೆ, ಪಲ್ಟನ್ನಿಗೆ ವರ್ಷವೆಲ್ಲ ಒಳ್ಳೆಯದು. ಏಟು ತಪ್ಪಿದರೆ ಮುಂದಿನ ದಸೈಂವರೆಗೆ ಕೇಡು. ಇದನ್ನು ನಂಬುವುದಿಲ್ಲ ಎನ್ನುವ ಒಬ್ಬನನ್ನೂ ನಾನು ನಮ್ಮ ಸಾಲಿನಲ್ಲಿ ನೋಡಿಲ್ಲ.

ಆ ವರ್ಷ ತುಲಬೀರನ ಹೆಸರು ಹೇಳಿದವನು ನಾನೇ. ಮೂರು ವರ್ಷ ಓಟದ ಕಪ್ ಗೆದ್ದು ಕೊಟ್ಟವನಿಗೆ ಈ ಮರ್ಯಾದೆ ಸಲ್ಲಬೇಕು ಎಂದೆ. ಅವನು ನಕ್ಕ. "ಕಾಲಿನ ಕೆಲಸ ನೋಡಿ ಕೈಗೆ ಕೆಲಸ ಕೊಡ್ತೀಯಲ್ಲೋ!" ಎಂದ. ಆದರೂ ಎರಡು ವಾರ ಬಾಳೆದಿಂಡು ಕಡಿದು ಕಡಿದು ಅಭ್ಯಾಸ ಮಾಡಿದ.

ಅವನು ಕುಕ್ರಿ ಎತ್ತಿದಾಗ, ತಲೆ ಬಿದ್ದ ಮೇಲೆ ಹಾರಿಸಬೇಕಾದ ಬಂದೂಕನ್ನು ಯಾರೋ ಒಬ್ಬ ಅವಸರಗೇಡಿ ಮೊದಲೇ ಹಾರಿಸಿದ. ಕೋಣ ಬೆದರಿ ಕುತ್ತಿಗೆ ಹೊರಳಿಸಿತು. ಏಟು ಎಲುಬಿಗೆ ಸಿಕ್ಕಿ ನಿಂತಿತು. ಎರಡನೆಯ ಏಟು, ಮೂರನೆಯ ಏಟು. ಹೆಂಗಸರ ಕಡೆಯಿಂದ ಒಂದು ನರಳಿಕೆ ಎದ್ದಿತು. ಪದ್ಧತಿಯಂತೆ ಇಬ್ಬರು ಬಂದು ಅವನ ಮುಖಕ್ಕೆ ನೆತ್ತರು ಬಳಿದು, ಅಂಗಳದಿಂದ ಆಚೆ ತಳ್ಳಿದರು. ಕರ್ನಲ್ ಸಾಬರು ಪೇಟದ ಬಟ್ಟೆಯನ್ನು ಏನು ಮಾಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದರು. ಬಂದೂಕು ಮೊದಲೇ ಹಾರಿತು ಎಂದು ನಾನು ನಾಲ್ಕು ಜನಕ್ಕೆ ಹೇಳಿ ನೋಡಿದೆ. "ಹಾರಿದ್ದು ಯಾಕೆ ಗುರುಜಿ? ಅದೂ ದೇವಿಯ ಇಚ್ಛೆ ತಾನೇ?" ಎಂದರು. ಅದಕ್ಕೆ ಏನು ಹೇಳುತ್ತೀರಿ?

ಆಮೇಲೆ ನಡೆದದ್ದೆಲ್ಲ ಅವನ ಖಾತೆಗೇ ಬಿತ್ತು. ಜೀಪು ಮಗುಚಿತು. ಕುಟುಂಬದ ಲೈನಿನಲ್ಲಿ ಕೈಗೂಸೊಂದು ಜ್ವರದಲ್ಲಿ ಹೋಯಿತು. ಅಡುಗೆಮನೆಯಲ್ಲಿ ಒಂದು ಹಂಡೆ ಬೇಳೆ ಸೀದರೂ ಜನ ತುಲಬೀರನ ಕಡೆ ನೋಡುತ್ತಿದ್ದರು. ಜೀಪು ಪ್ರತಿ ವರ್ಷವೂ ಮಗುಚುತ್ತಿತ್ತು. ಆ ಚಾಲಕ ಅಂಥವನು. ನೆನಪಿಸಿದರೆ ಯಾರಿಗೂ ಬೇಕಾಗಿರಲಿಲ್ಲ. ತುಲಬೀರ್ ಊಟದ ಸಾಲಿನಲ್ಲಿ ಸೌಟು ಮುಟ್ಟಿದರೆ ಹಿಂದಿನವನು ತಟ್ಟೆ ಇಟ್ಟು ಹೊರಟುಹೋಗುತ್ತಿದ್ದ. ತುಲಬೀರ್ ಇದನ್ನೆಲ್ಲ ನಗೆಯಲ್ಲಿ ತೇಲಿಸಲು ನೋಡುತ್ತಿದ್ದ. "ಒಳ್ಳೇದೇ ಆಯ್ತು ಬಿಡೋ, ಬೀಡಿ ಕೇಳೋರು ಕಡಿಮೆಯಾದ್ರು" ಎನ್ನುತ್ತಿದ್ದ. ಅವನ ಬೂಟುಗಳ ಬಿಳಿ ಮಾತ್ರ ಮೊದಲಿಗಿಂತ ಹೆಚ್ಚು ಹೊಳೆಯತೊಡಗಿತ್ತು.

ಫೆಬ್ರವರಿಯಲ್ಲಿ ಬ್ರಿಗೇಡಿನ ಓಟಗಳು. ಮೊದಲ ದಿನ ಸರದಿ ಓಟ; ನಾಲ್ಕು ಜನ, ತಲೆಗೆ ಮೂರು ಮೈಲಿ, ಕೈಯಿಂದ ಕೈಗೆ ಒಂದು ಕೋಲು. ಮರುದಿನ ಗಸ್ತಿನ ಓಟ. ಎಂಟು ಜನ, ಬಂದೂಕು, ಬೆನ್ನುಚೀಲ, ತಲಾ ಎರಡು ನೀರಿನ ಬಾಟಲಿ, ಹತ್ತು ಮೈಲಿ. ಗಸ್ತಿನ ಓಟದಲ್ಲಿ ಲೆಕ್ಕಕ್ಕೆ ಬರುವುದು ಕಡೆಯವನು ಗೆರೆ ದಾಟಿದ ಹೊತ್ತು. ಏಳು ಜನ ಹಾರಿಕೊಂಡು ಬಂದರೂ ಎಂಟನೆಯವನು ತೆವಳುತ್ತಿದ್ದರೆ ಎಲ್ಲರೂ ತೆವಳಿದಂತೆಯೇ. ತಂಡ ನನ್ನ ಜವಾಬ್ದಾರಿ. ಆ ವರ್ಷ ಗೆದ್ದರೆ ನಾನು ಗೂರ್ಖಾ ಸಾಬ್, ಅಂದರೆ ಅಧಿಕಾರಿ, ಆಗುವುದು ಬಹುಮಟ್ಟಿಗೆ ಗಟ್ಟಿ ಎಂದು ಮೇಲಿನವರು ಸೂಚನೆ ಕೊಟ್ಟಿದ್ದರು. ತುಲಬೀರನಿಗೂ ಗೆಲುವು ಬೇಕಿತ್ತು. ಅವನ ಕಾಲುಗಳು ಕಪ್ ತಂದರೆ ಅವನ ಕೈಯ ಮೇಲಿನ ಮಾತು ನಿಲ್ಲುತ್ತದೆ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಸರದಿ ಓಟದಲ್ಲಿ ಮೂರನೆಯವನು ನರಜಂಗ್ ಆಳೆ, ಕಡೆಯವನು ತುಲಬೀರ್. ನರಜಂಗ್ ನಲವತ್ತು ಗಜ ಮುಂದೆ ಬಂದ. ತುಲಬೀರ್ ಓಡಲು ಶುರುಮಾಡಿ ಬಲಗೈ ಹಿಂದಕ್ಕೆ ಚಾಚಿದ. ನರಜಂಗ್ ಆ ಕೈ ನೋಡಿದ, ಕೋಲನ್ನು ನೆಲಕ್ಕೆ ಬಿಟ್ಟ. ಅದು ಉರುಳಿ ರಸ್ತೆಯ ಪಕ್ಕದ ಚರಂಡಿಗೆ ಬಿತ್ತು. ತುಲಬೀರ್ ಚರಂಡಿಗಿಳಿದು, ತಡಕಾಡಿ, ಕೆಸರಾದ ಕೋಲು ಹಿಡಿದು ಮೇಲೆ ಬರುವಷ್ಟರಲ್ಲಿ ಇಬ್ಬರು ದಾಟಿಹೋಗಿದ್ದರು. ಒಬ್ಬನನ್ನು ಹಿಡಿದ. ಇನ್ನೊಬ್ಬ ಐದು ಹೆಜ್ಜೆ ಮುಂದೆ ಉಳಿದ.

"ಕೈ ಜಾರ್ತು ಗುರುಜಿ," ಎಂದ ನರಜಂಗ್, ನನ್ನ ಮುಖ ನೋಡದೆ.

"ಜಾರ್ತೋ, ಜಾರಿಸಿದೆಯೋ?"

"ನಂಗೂ ಹೆಂಡ್ತಿ ಮಕ್ಕಳಿದ್ದಾರೆ ಗುರುಜಿ. ಆ ಕೈ ಮುಟ್ಟು ಅಂತ ನೀವು ಹುಕುಂ ಕೊಟ್ರೆ ಮುಟ್ತೀನಿ. ಮನಸ್ಸಿಗೆ ಹುಕುಂ ಕೊಡೋಕಾಗುತ್ತಾ?"

ತುಲಬೀರ್ ಕೇಳಿಸಿಕೊಂಡ. ಕೋಲನ್ನು ತನ್ನ ಅಂಗಿಗೆ ಒರೆಸಿ ನನ್ನ ಕೈಗೆ ಕೊಟ್ಟು ಹೋದ. ಹತ್ತು ವರ್ಷದಲ್ಲಿ ಮೊದಲ ಸಲ ಅವನು ಓಟ ಮುಗಿದ ಮೇಲೆ ಅನ್ನ ತಿನ್ನದೆ ಹೋದದ್ದು ಕಂಡೆ.

ಆ ಸಂಜೆ ತಂಡವನ್ನು ಅಡುಗೆಮನೆಯ ಹಿಂದೆ ಕೂರಿಸಿ ಹೇಳಿದೆ:

"ನಾಳೆ ಮೊದಲನೇ ತಿರುವಿನ ಆಚೆ, ರಬ್ಬರ್ ಮರಗಳ ಮರೆಗೆ ಹೋದ ಮೇಲೆ, ಎರಡೂ ಬಾಟ್ಲಿ ನೀರು ಚೆಲ್ಲಿ. ತಲೆಗೆ ನಾಲ್ಕು ಪೌಂಡು ಹಗುರ ಆಗ್ತೀರಿ. ಆರನೇ ಮೈಲಿಗೆ ಹಳ್ಳ ಇದೆ. ಅಲ್ಲಿ ಕುಡಿದು, ತಲೆ ಒದ್ದೆ ಮಾಡ್ಕೊಂಡು, ಗುಡ್ಡ ಹತ್ತೋಣ."

"ಮಳೆ ಬಿದ್ದು ಎರಡು ತಿಂಗಳಾಯ್ತಲ್ಲ ಗುರುಜಿ," ಎಂದ ತುಲಬೀರ್. "ಹಳ್ಳದಲ್ಲಿ ನೀರಿದ್ಯಾ?"

"ಹೋದ ವಾರ ನಾನೇ ಹೋಗಿ ನೋಡ್ಕೊಂಡು ಬಂದೆ. ಮೊಣಕಾಲುದ್ದ ಇದೆ."

ಸುಳ್ಳು. ಡಿಸೆಂಬರಿನಲ್ಲಿ ನೋಡಿದ್ದೆ. ಹೋದ ವಾರ ನೋಡಬೇಕಿತ್ತು, ಅದಕ್ಕೆಂದೇ ಮೇಜರ್ ಸಾಬರಿಂದ ಅರ್ಧ ದಿನದ ಬಿಡುವು ಪಡೆದಿದ್ದೆ. ಆ ಅರ್ಧ ದಿನ ನಾನು ಪಟ್ಟಣದ ಚೀನೀ ದರ್ಜಿಯ ಅಂಗಡಿಯಲ್ಲಿ ಕಳೆದೆ. ಗೂರ್ಖಾ ಸಾಬ್ ಆದರೆ ಬೇಕಾಗುವ ಕೋಟಿಗೆ ಅಳತೆ ಕೊಡುತ್ತಿದ್ದೆ. ಇನ್ನೂ ಆಗದ ಸಾಬನಿಗೆ ಮೊದಲೇ ಕೋಟು! ಹಳ್ಳ ಎಲ್ಲಿ ಹೋಗುತ್ತದೆ, ಎಂದುಕೊಂಡಿದ್ದೆ.

ಮರುದಿನ ಯಾವ ತಂಡ ಯಾವಾಗ ಹೊರಡಬೇಕೆಂದು ಚೀಟಿ ಎತ್ತಿದರು. ನಮ್ಮದು ಕಡೆಯದು ಬಂತು. ಹೊರಡುವಾಗ ಹತ್ತೂವರೆ, ಬಿಸಿಲು ನೆತ್ತಿ ಸುಡುತ್ತಿತ್ತು. ಚೀಟಿ ಎತ್ತಿದವನು ನಾನು. ಆದರೂ ನರಜಂಗನ ಕಣ್ಣು ಹೋದದ್ದು ತುಲಬೀರನ ಕಡೆಗೇ.

ತಿರುವು ದಾಟಿದೆವು, ರಬ್ಬರ್ ಮರಗಳ ಬುಡಕ್ಕೆ ನೀರು ಚೆಲ್ಲಿದೆವು. ಹಗುರಾದ ಖುಷಿಗೆ ಯಾರೋ ಕೂಗು ಹಾಕಿದರು. ನಾಲ್ಕು ಮೈಲಿ ಚೆನ್ನಾಗಿಯೇ ಹೋಯಿತು. ಐದನೆಯದರಲ್ಲಿ ರೇಷಮ್ ಗುರುಂಗ್ ಹಿಂದೆ ಬೀಳತೊಡಗಿದ. ತಂಡದಲ್ಲಿ ಎಲ್ಲರಿಗಿಂತ ಹೊಸಬ, ಮದುವೆಯಾಗಿ ಆರು ತಿಂಗಳು. ಹಿಂದಿನ ಎರಡು ದಿನದಿಂದ ಅವನಿಗೆ ಭೇದಿಯಾಗುತ್ತಿತ್ತು ಎಂದು ಆಮೇಲೆ ತಿಳಿಯಿತು. ನಮ್ಮವರು ಆಗುವುದಿಲ್ಲ ಎಂದು ಬಾಯಿ ಬಿಡುವುದಿಲ್ಲ. ಅದು ನಮ್ಮ ಹೆಮ್ಮೆ, ನಮ್ಮ ರೋಗವೂ ಅದೇ. ಒಬ್ಬ ಅವನ ಬಂದೂಕು ತೆಗೆದುಕೊಂಡ, ಒಬ್ಬ ಚೀಲ. ಎಳೆದುಕೊಂಡು ಹೋಗುವ ಶಕ್ತಿ ಉಳಿದಿದ್ದದ್ದು ತುಲಬೀರನಿಗೆ. ಹೊರೆ ಹೊರುವ ನಾಮ್ಲೋ ಪಟ್ಟಿಯನ್ನು ರೇಷಮನ ಸೊಂಟಕ್ಕೆ ಕಟ್ಟಿ ತನ್ನ ಹೆಗಲಿಗೆ ಹಾಕಿಕೊಂಡು ಅವನು ಎಳೆದ.

"ಬಾ ಭಾಯಿ, ಬಾ. ನಿಮ್ಮತ್ತೆ ಮನೆ ಇಲ್ಲೇ ಗುಡ್ಡದ ಆಚೆ. ಕೋಳಿ ಬೇಯ್ತಾ ಇದೆ, ಬಾ."

"ಸೊಪ್ಪಿನ ಸಾರಾಗಿದ್ರೆ ಬರಲ್ಲ ದಾಜು," ಎಂದ ರೇಷಮ್, ಅಣ್ಣನಿಗೆ ಹೇಳುವಂತೆ. ಅದು ಅವನು ಸರಿಯಾಗಿ ಆಡಿದ ಕಡೆಯ ಮಾತು.

ಹಳ್ಳ ಒಣಗಿತ್ತು. ಕಲ್ಲುಗಳ ಮೇಲೆ ಪಾಚಿ ಬಿಳಿಚಿ ಹಪ್ಪಳದಂತೆ ಎದ್ದಿತ್ತು. ನಾವು ಬಯೊನೆಟ್ಟಿನಿಂದ, ಕೈಯಿಂದ ಮರಳು ತೋಡಿದೆವು. ಮೊಣಕೈ ಆಳಕ್ಕೂ ಮರಳು ಬೆಚ್ಚಗಿತ್ತು. ಎಲ್ಲರೂ ನನ್ನನ್ನು ನೋಡಿದರು. ನಾನು ಹಳ್ಳವನ್ನು ನೋಡಿದೆ. ಅದೇ ಮೊದಲ ಸಲ ನೋಡಿದವನಂತೆ ಬೆರಗು ನಟಿಸಿದೆ. ಬೆರಗು ಅಷ್ಟು ಬೇಗ ಹೇಗೆ ಬಂತೋ ದೇವರಿಗೇ ಗೊತ್ತು.

ತುಲಬೀರ್ ತನ್ನ ಸೊಂಟಪಟ್ಟಿಯಿಂದ ಬಾಟಲಿ ಬಿಚ್ಚಿದ. ಅದು ತುಂಬಿತ್ತು.

"ಕ್ಷಮಿಸಿ ಗುರುಜಿ. ಒಂದು ಚೆಲ್ಲಿರಲಿಲ್ಲ."

ರೇಷಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನೇ ಕುಡಿಸಿದ. ಅರ್ಧ ಗಂಟಲಿಗೆ ಹೋಯಿತು, ಅರ್ಧ ವಾಂತಿಯಾಯಿತು. ರೇಷಮನ ಬೆವರು ನಿಂತುಹೋಗಿತ್ತು. ನರಜಂಗನ ಕೈ ಹಿಡಿದು ಅವನನ್ನು ತಾಯಿಯೆಂದುಕೊಂಡು ಆಮಾ, ಆಮಾ ಎಂದು ಕರೆಯುತ್ತಿದ್ದ. ಉಳಿದವರೂ ಬಾಯಾರಿ ಸಾಯುತ್ತಿದ್ದರು. ತುಲಬೀರ್ ಬಾಟಲಿ ನೀಡಿದ. ಯಾರೂ ಅವನ ಕೈಯಿಂದ ತೆಗೆದುಕೊಳ್ಳಲಿಲ್ಲ. ನಾನು ತೆಗೆದುಕೊಂಡು ಒಂದು ಗುಟುಕು ಕುಡಿದೆ. ನನಗೆ ಕೈಯ ಭಯವಿರಲಿಲ್ಲ ನೋಡಿ. ಹಳ್ಳ ಯಾಕೆ ಒಣಗಿದೆ ಎಂದು ನನಗೆ ಗೊತ್ತಿತ್ತು.

"ನಿಲ್ಲಿಸೋಣ ಗುರುಜಿ," ಎಂದ ತುಲಬೀರ್. "ಇವನ ಮೈ ಒಲೆ ಆಗಿದೆ. ಒಬ್ಬ ಓಡಿ ಹೋಗಿ ವಾಹನ ಕರ್ಕೊಂಡು ಬರ್ಲಿ. ನಾನೇ ಹೋಗ್ತೀನಿ."

"ಇನ್ನು ನಾಲ್ಕೇ ಮೈಲಿ."

"ಕೇಶರ್," ಎಂದ ಎಲ್ಲರ ಮುಂದೆ. ಎಂದೂ ಹಾಗೆ ಕರೆದಿರಲಿಲ್ಲ. "ಕೇಶರ್, ಇವನು ಸಾಯ್ತಾನೆ."

"ಇವತ್ತು ಬಿಟ್ರೆ ನಿನ್ನ ಕೈ ಮೇಲಿನ ಮಾತು ಸಾಯೋವರೆಗೂ ಹೋಗಲ್ಲ, ಗೊತ್ತಾ? ಎತ್ಕೋ ಅವನನ್ನ."

ಎತ್ತಿಕೊಂಡ. ಹುಕುಂ ಅಲ್ಲವೇ. ರೇಷಮನನ್ನು ಬೆನ್ನಿಗೆ ಕಟ್ಟಿಕೊಂಡು ಆ ಗುಡ್ಡ ಹತ್ತಿದ, ಆ ಗುಡ್ಡ ಇಳಿದ. ಅಂದು ಕೈ ಅಗಲಿಸಲಿಲ್ಲ, ಹಿಂದಕ್ಕೆ ವಾಲಿ ಒಂದೊಂದೇ ಹೆಜ್ಜೆ ಊರಿ ಇಳಿದ. ನಾವು ಮೂರನೆಯವರಾಗಿ ಬಂದೆವು. ಗೆರೆಯ ಮೇಲೆ ನಾಮ್ಲೋ ಬಿಚ್ಚಿದಾಗ ರೇಷಮನ ಕಣ್ಣು ತೆರೆದೇ ಇತ್ತು. ಡಾಕ್ಟರ್ ಸಾಬ್ ಓಡಿ ಬಂದು ಐಸು ಹಾಕಿದರು, ಸೂಜಿ ಚುಚ್ಚಿದರು. ಮಧ್ಯಾಹ್ನ ಮೂರಕ್ಕೆ ಪ್ರಾಣ ಹೋಯಿತು.

ವಿಚಾರಣೆಯಲ್ಲಿ ಕೇಳಿದರು, ನೀರಿತ್ತೇ? ಇತ್ತು ಸಾಬ್, ದಾರಿಯಲ್ಲಿ ಕುಡಿದು ಮುಗಿಸಿದೆವು ಎಂದೆ. ಉಳಿದ ಐವರೂ ಅದನ್ನೇ ಹೇಳಿದರು. ನೀರು ಚೆಲ್ಲಿದ್ದು ನಿಯಮಕ್ಕೆ ವಿರುದ್ಧ. ಎಲ್ಲರ ಕುತ್ತಿಗೆಯೂ ಅದರಲ್ಲಿತ್ತು. ತುಲಬೀರನನ್ನು ಕೇಳಿದಾಗ ಅವನು ನನ್ನ ಕಡೆ ಒಮ್ಮೆ ನೋಡಿ, "ಹೌದು ಸಾಬ್" ಎಂದಷ್ಟೇ ಅಂದ. ಬಿಸಿಲಿನ ಆಘಾತ ಎಂದು ಬರೆದುಕೊಂಡರು.

ಬ್ಯಾರಕ್ಕಿನ ಲೈನಿನಲ್ಲಿ ಬೇರೆಯೇ ತೀರ್ಪಾಯಿತು. ರೇಷಮ್ ಕಡೆಯ ಗುಟುಕು ಕುಡಿದದ್ದು ಆ ಕೈಯಿಂದ. ಎಂಟು ಜನರಲ್ಲಿ ಬದುಕಿದವರೆಲ್ಲ ಆ ನೀರು ಮುಟ್ಟದವರು. ನಾನು ಕುಡಿದದ್ದನ್ನು ಎಲ್ಲರೂ ಅನುಕೂಲಕ್ಕೆ ತಕ್ಕಂತೆ ಮರೆತರು. ನರಜಂಗ್ ಒಂದು ದಿನ, ಹತ್ತು ಜನ ಕೂತಿದ್ದಾಗ, ನನ್ನನ್ನೇ ಕೇಳಿದ:

"ಗುರುಜಿ, ನೀವು ನೋಡಿದಾಗ ಮೊಣಕಾಲುದ್ದ ನೀರಿತ್ತು ಅಂದ್ರಿ. ಒಂದೇ ವಾರದಲ್ಲಿ ಅಷ್ಟು ನೀರು ಎಲ್ಲಿ ಹೋಯ್ತು?"

ತುಲಬೀರ್ ಮೆಟ್ಟಿಲ ಮೇಲೆ ಕೂತಿದ್ದ. ತಲೆ ಎತ್ತಿ ನನ್ನನ್ನು ನೋಡಿದ. ಅವನಿಗೂ ಉತ್ತರ ಬೇಕಿತ್ತು.

"ನನಗೂ ಅದೇ ಆಶ್ಚರ್ಯ," ಎಂದೆ.

ಇಷ್ಟೇ ನಾನು ಹೇಳಿದ್ದು. ಅವನ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲ, ಬೆರಳು ತೋರಿಸಲಿಲ್ಲ. ಆ ಮೂರು ಪದಗಳಿಗೆ ತುಲಬೀರನ ಮುಖದ ಬಣ್ಣ ಇಳಿದದ್ದನ್ನು ಕಂಡೆ. ಅಲ್ಲಿಯವರೆಗೆ ಅವನು ಜನರ ಮಾತನ್ನು ನಂಬಿರಲಿಲ್ಲ. ಬಂದೂಕು ಮೊದಲೇ ಹಾರಿದ್ದು ಅವನಿಗೂ ಗೊತ್ತಿತ್ತು. ಆದರೆ ಹರಿಯುತ್ತಿದ್ದ ಹಳ್ಳ ಒಂದು ವಾರದಲ್ಲಿ ಇಂಗಿಹೋಗಿದೆ ಎಂದು ಅವನ ನಂಬರಿಯೇ, ಸುಳ್ಳು ಹೇಳಬಾರದವನೇ, ಹೇಳುತ್ತಿದ್ದಾನೆ. ಅಂದಿನಿಂದ ಅವನೇ ತನ್ನ ಕೈಗೆ ಹೆದರತೊಡಗಿದ.

ಮುಂದಿನ ದಸೈಂನಲ್ಲಿ ಬೇರೊಬ್ಬ ಒಂದೇ ಏಟಿಗೆ ತಲೆ ಇಳಿಸಿದ, ಪಲ್ಟನ್ನಿನ ಕೇಡು ಕಳೆಯಿತು ಎಂದರು. ತುಲಬೀರನದು ಕಳೆಯಲಿಲ್ಲ. ಮನುಷ್ಯನ ಪ್ರಾಣ ತೆಗೆದ ಕೈಗೆ ಕೋಣನ ಲೆಕ್ಕ ಸಾಲುವುದಿಲ್ಲ ಎಂದು ಹಿರಿಯರು ಹೇಳಿದರು. ಅವನು ತಂಡವನ್ನು ತಾನಾಗಿಯೇ ಬಿಟ್ಟ. ಬಿಳಿ ಬೂಟುಗಳನ್ನು ಸ್ಟೋರಿಗೆ ಒಪ್ಪಿಸಿ, ಅರವತ್ತಾರರಲ್ಲಿ ಊರಿಗೆ ಹೊರಟ. ಬೀಳ್ಕೊಡುವ ಊಟಕ್ಕೆ ಯಾರೂ ಕೂರಲಿಲ್ಲ. ನಾನು ಗೇಟಿನವರೆಗೆ ಹೋದೆ. "ನೀನೊಬ್ಬನೇ ಕುಡಿದೆ ಕಣೋ ಆ ನೀರು," ಎಂದ. "ಮರೆಯಲ್ಲ." ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆದರೂ ನನ್ನ ಬಾಯಿ ತೆರೆಯಲಿಲ್ಲ.

ನಾನು ಸಾಬ್ ಆದೆ. ಕಪ್ತಾನನಾಗಿ ನಿವೃತ್ತನಾದೆ. ಪೋಖರಾದಲ್ಲಿ ಮನೆ ಕಟ್ಟಿದೆ. ಓಟದ ಬಗ್ಗೆ ಹೊಸಬರಿಗೆ ಭಾಷಣವನ್ನೂ ಮಾಡಿದೆ, ತಂಡ ಎಂದರೆ ಹೇಗಿರಬೇಕು ಎಂದು. ಬಾಯಿ ಬಿಡದಿರಲು ನನಗೆ ಗುಡ್ಡೆಯಷ್ಟು ಕಾರಣಗಳಿದ್ದವು: ಪಿಂಚಣಿ ಆಗಲಿ, ಮಕ್ಕಳ ಮದುವೆ ಆಗಲಿ, ಹೆಂಡತಿಯ ಕಾಯಿಲೆ ವಾಸಿಯಾಗಲಿ. ಹೆಂಡತಿ ತೀರಿಕೊಂಡ ಮೇಲೆ ಕಾರಣಗಳು ಮುಗಿದವು. ತೊಂಬತ್ತೆರಡರ ದಸೈಂಗೆ ಬಸ್ಸು ಹಿಡಿದು, ಆಮೇಲೆ ಎರಡು ದಿನ ನಡೆದು, ತುಲಬೀರನ ಹಳ್ಳಿಗೆ ಹೋದೆ.

ದಶಮಿಯ ಬೆಳಗು, ಟೀಕಾ ಇಡುವ ಹೊತ್ತು. ಜಗುಲಿಯಲ್ಲಿ ತುಲಬೀರ್ ಕೂತಿದ್ದ. ಕೂದಲು ಪೂರ್ತಿ ನೆರೆದಿತ್ತು, ಕಾಲು ಇನ್ನೂ ಹುರಿಗಟ್ಟಿದಂತಿತ್ತು. ಎರಡೂ ಕೈ ಶಾಲಿನೊಳಗೆ. ಪಕ್ಕದಲ್ಲಿ ಅವನ ಹೆಂಡತಿ ದಿಲಸರಾ, ಅಕ್ಕಿ ಮೊಸರು ಕೆಂಪು ಕಲಸಿದ ತಟ್ಟೆ ಹಿಡಿದು ಮನೆಯ ಕಿರಿಯರಿಗೆಲ್ಲ ಹಣೆಗೆ ಹಚ್ಚುತ್ತಿದ್ದಳು. ಮನೆಗೆ ಹಿರಿಯ ಗಂಡಸು ಕೂತಿರುವಾಗ ಹೆಂಗಸು ಮೊದಲು ಟೀಕಾ ಇಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ದಾಜು ಇಡಲ್ವಾ ಭಾವುಜು?" ಎಂದು ಅತ್ತಿಗೆಯನ್ನು ಕೇಳಿದೆ.

"ಅವರು ಯಾರಿಗೂ ಇಡಲ್ಲ," ಎಂದಳು ದಿಲಸರಾ, ಹವಾಮಾನ ಹೇಳುವವಳಂತೆ. "ಬಿತ್ತನೆ ಬೀಜ ಮುಟ್ಟಲ್ಲ. ಮಗಳು ಜುನಮಾಯಾ ಹುಟ್ಟಿದಾಗ ಎತ್ಕೊಳ್ಳಲಿಲ್ಲ. ಅವಳ ಮದುವೇಲಿ ಕೈ ಹಿಡಿದು ಕೊಟ್ಟಿದ್ದು ನಮ್ಮಣ್ಣ. ಪಲ್ಟನ್ನಿನ ವಿಷಯ, ನಿಮಗೆ ಗೊತ್ತಿಲ್ಲದ್ದಾ?"

ಅಲ್ಲೇ, ಎಲ್ಲರ ಮುಂದೆಯೇ ಹಳ್ಳದ ವಿಷಯ ಹೇಳಿದೆ. ಒಳಗೆ ಕರೆದೊಯ್ದು ಹೇಳಿದ್ದರೆ ಮತ್ತೆ ಅರ್ಧ ನುಂಗುತ್ತಿದ್ದೆ.

ತುಲಬೀರ್ ಪೂರ್ತಿ ಕೇಳಿದ. "ನೋಡಲೇ ಇಲ್ವಾ?"

"ಇಲ್ಲ."

"ಡಿಸೆಂಬರಲ್ಲಿ ನೋಡಿದ್ದೇ ಕಡೆ?"

"ಹೂಂ."

"ಮತ್ತೆ ಆ ಅರ್ಧ ದಿನ ಎಲ್ಲಿಗೆ ಹೋಗಿದ್ದೆ?"

"ಪಟ್ಟಣಕ್ಕೆ. ಕೋಟು ಹೊಲಿಸೋಕೆ."

ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

"ಕೋಟು ಚೆನ್ನಾಗಿ ಬಂತಾ?" ಎಂದು ಕೇಳಿದ.

ಎದ್ದು ಹೋಗಿ ಕೊಡದ ನೀರಿನ ಬಳಿ ಕೈ ತೊಳೆದ. ತುಂಬ ಹೊತ್ತು ತೊಳೆದ. ಬಂದು ಹೆಂಡತಿಯ ಕೈಯಿಂದ ತಟ್ಟೆ ತೆಗೆದುಕೊಂಡು ಕೂಗಿದ: "ಜುನಮಾಯಾ! ಬಾ ಮಗಳೇ, ಕೂತ್ಕೋ. ಈ ಸಲ ನಾನು ಇಡ್ತೀನಿ."

ಜುನಮಾಯಾ ಹಬ್ಬಕ್ಕೆ ತವರಿಗೆ ಬಂದವಳು, ಇಪ್ಪತ್ತೈದರ ಹೆಣ್ಣು. ಸೊಂಟದಲ್ಲಿ ಆರು ತಿಂಗಳ ಕೂಸು. ಅವ್ವನ ಮುಖ ನೋಡಿದಳು, ಮೆಲ್ಲಗೆ ಬಂದು ಕೂತಳು. ಅವನು ಟೀಕಾ ಹಚ್ಚಿದ. ನಾಲ್ಕು ಕಾಳು ಅವಳ ಮೂಗಿನ ಮೇಲೆ ಉದುರಿದವು. ಅವಳು ಸೂಜಿ ಚುಚ್ಚಿಸಿಕೊಳ್ಳುವವರಂತೆ ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ತುಲಬೀರ್ ಇನ್ನೊಂದು ಚಿಟಿಕೆ ತೆಗೆದು ಕೂಸಿನ ಹಣೆಯ ಕಡೆ ಕೈ ಚಾಚಿದ.

ಜುನಮಾಯಾ ಥಟ್ಟನೆ ಎದ್ದು ಹಿಂದೆ ಸರಿದಳು. ಕೂಸಿನ ಹಣೆಗೆ ತನ್ನ ಅಂಗೈ ಅಡ್ಡ ಹಿಡಿದಿದ್ದಳು.

"ನಂಗಾದ್ರೆ ಆಯ್ತು ಅಪ್ಪಾ, ನಂಗೇನಾದ್ರೂ ಪರವಾಗಿಲ್ಲ. ಮಗೂಗೆ ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಮಗೂಗೆ ಬೇಡ."

"ಹಳ್ಳ ಮೊದಲೇ ಒಣಗಿತ್ತಂತೆ ಕಣೇ," ಎಂದ ತುಲಬೀರ್. ಅವನ ದನಿಯಲ್ಲಿ ಆ ಬೇಡಿಕೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಇವನೇ ಹೇಳ್ತಿದ್ದಾನೆ, ಕೇಳು ಬೇಕಾದ್ರೆ."

"ಹೌದು ಮಗಳೇ," ಎಂದೆ. "ನಾನು ಸುಳ್ಳು ಹೇಳಿದ್ದೆ. ನಿಮ್ಮಪ್ಪನ ಕೈಯಲ್ಲಿ ಯಾವ ದೋಷವೂ ಇಲ್ಲ."

ಅವಳು ನನ್ನನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆ.

"ಆಗ ಸುಳ್ಳು ಹೇಳಿದ್ರಿ ಅಂತೀರಿ. ಈಗ ಹೇಳ್ತಿರೋದು ಸುಳ್ಳಲ್ಲ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಕಪ್ತಾನ್ ಕಾಕಾ?"

ತುಲಬೀರ್ ಚಿಟಿಕೆಯನ್ನು ತಟ್ಟೆಗೆ ಉದುರಿಸಿದ.

"ಬಿಡು, ಅವಳನ್ನ ಹೆದರಿಸ್ಬೇಡ," ಎಂದ ನನಗೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ದಿಲಸರಾ, ಮಗೂಗೆ ನೀನೇ ಇಡು" ಎಂದು, ತಟ್ಟೆಯನ್ನು ಎಡಗೈಯಿಂದ ಅವಳತ್ತ ಸರಿಸಿದ.